ಕಿಟಕಿಯ ಆಚೆ ಯಾರಿದ್ದಾರೆ

ನಮ್ಮ ಬೀದಿಯ ಹುಡುಗನೊಬ್ಬ ಬೆಂಗಳೂರಿನಲ್ಲಿ ರಾತ್ರಿ ಪಾಳಿ ಮಾಡುತ್ತಾನೆ. ಗುಂಡ್ಲುಪೇಟೆಯಲ್ಲೇ ಬಿ.ಕಾಂ. ಮುಗಿಸಿದವನು. ಅವನ ಕೆಲಸಕ್ಕೆ ‘ಎ.ಆರ್. ಕಾಲರ್’ ಎಂದು ಹೆಸರು. ಅಮೆರಿಕದ ಆಸ್ಪತ್ರೆಗಳ ಪರವಾಗಿ ಅಲ್ಲಿನ ವಿಮಾ ಕಂಪನಿಗಳಿಗೆ ಫೋನು ಮಾಡಿ, ಬಾಕಿ ನಿಂತ ಬಿಲ್ಲಿನ ಹಣ ಯಾಕೆ ಬರಲಿಲ್ಲ ಎಂದು ವಿಚಾರಿಸುವುದು. ಒಂದು ಪಾಳಿಯಲ್ಲಿ ಅವನ ಕಿವಿಗೆ ಹೆಚ್ಚು ಸಲ ಬೀಳುವ ಮಾತು ‘ಡಿನೈಡ್’. ಎಲ್ಲೋ ಟೆಕ್ಸಾಸಿನಲ್ಲಿ ಒಬ್ಬಳು ಮುದುಕಿಯ ಸ್ಕ್ಯಾನಿಂಗ್ ಬಿಲ್ಲು ಯಾವ ಕಾರಣಕ್ಕೆ ತಿರಸ್ಕೃತವಾಯಿತು ಎನ್ನುವುದು ಗುಂಡ್ಲುಪೇಟೆಯ ಹುಡುಗನಿಗೆ ಗೊತ್ತಿರುತ್ತದೆ. ಆ ಮುದುಕಿಗೆ ಇನ್ನೂ ಗೊತ್ತಿರುವುದಿಲ್ಲ.

2024ರ ಡಿಸೆಂಬರ್ 4ರ ಸಂಜೆ ಅವನು ಕೆಲಸಕ್ಕೆ ಹೊರಡುವ ಹೊತ್ತಿಗೆ ಆ ಸುದ್ದಿ ಬಂದಿತ್ತು. ನ್ಯೂಯಾರ್ಕಿನ ಮ್ಯಾನ್‌ಹಟನ್‌ನಲ್ಲಿ, ಹಿಲ್ಟನ್ ಹೋಟೆಲಿನ ಮುಂದೆ, ಬೆಳ್ಳಂಬೆಳಿಗ್ಗೆ, ಯುನೈಟೆಡ್‌ಹೆಲ್ತ್‌ಕೇರ್ ಎಂಬ ಆರೋಗ್ಯ ವಿಮಾ ಕಂಪನಿಯ ಮುಖ್ಯಸ್ಥ ಬ್ರಯಾನ್ ಥಾಮ್ಸನ್ ಅವರನ್ನು ಯಾರೋ ಹಿಂದಿನಿಂದ ಬಂದು ಗುಂಡಿಟ್ಟು ಕೊಂದಿದ್ದರು. ಐವತ್ತು ವರ್ಷದ ಮನುಷ್ಯ, ಇಬ್ಬರು ಮಕ್ಕಳ ತಂದೆ. ನೆಲಕ್ಕೆ ಬಿದ್ದಿದ್ದ ತೋಟಾಗಳ ಮೇಲೆ ಮೂರು ಪದ ಬರೆದಿತ್ತು: ತಡಮಾಡು, ನಿರಾಕರಿಸು, ಪದಚ್ಯುತಗೊಳಿಸು ಎಂಬರ್ಥದ ಇಂಗ್ಲಿಷ್ ಪದಗಳು. ಮೊದಲ ಎರಡು ಪದ ನಮ್ಮ ಹುಡುಗನಿಗೆ ನಿತ್ಯದ ಪರಿಚಯ. ಐದು ದಿನ ಬಿಟ್ಟು ಪೆನ್ಸಿಲ್ವೇನಿಯಾದ ಆಲ್ಟೂನಾ ಎಂಬ ಊರಿನ ಮೆಕ್‌ಡೊನಾಲ್ಡ್ಸ್‌ನಲ್ಲಿ ಲುಯಿಜಿ ಮ್ಯಾಂಜಿಯೋನೆ ಎಂಬ ಇಪ್ಪತ್ತಾರರ ಯುವಕನನ್ನು ಪೊಲೀಸರು ಹಿಡಿದರು. ತಾನು ತಪ್ಪಿತಸ್ಥನಲ್ಲ ಎಂದು ಅವನು ನ್ಯಾಯಾಲಯಕ್ಕೆ ಹೇಳಿದ್ದಾನೆ. ಅವನು ಆ ಕಂಪನಿಯ ಪಾಲಿಸಿದಾರನೇ ಆಗಿರಲಿಲ್ಲ.

ಆ ವಾರಾಂತ್ಯ ಹುಡುಗ ಊರಿಗೆ ಬಂದಾಗ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯಲ್ಲಿ ಈ ಕಥೆ ಹೇಳಿದ. ನನ್ನ ಚಿಕ್ಕಪ್ಪ ಅಲ್ಲೇ ಇದ್ದರು. ತೆರಕಣಾಂಬಿ ಕಡೆ ಅವರಿಗೆ ನಾಲ್ಕು ಎಕರೆ ಜಮೀನು. ಅರಿಶಿನ, ಸಾಂಬಾರ್ ಈರುಳ್ಳಿ, ಕಾಲ ಕೂಡಿ ಬಂದರೆ ಚೆಂಡು ಹೂವು. ನ್ಯೂಯಾರ್ಕ್ ಭೂಪಟದಲ್ಲಿ ಎಲ್ಲಿದೆಯೆಂದು ತೋರಿಸಿ ಎಂದರೆ ಅವರಿಗೆ ಆಗದು. ಆದರೂ ಕಥೆ ಮುಗಿಯುವ ಮೊದಲೇ ಅವರ ಬಾಯಿಂದ ಮಾತು ಬಂತು: “ಎಷ್ಟ್ ಜನುಕ್ಕೆ ಇಲ್ಲ ಅಂದಿದ್ನೋ ಏನೋ, ಬುಡಪ್ಪ.” ಅಂಗಡಿಯಲ್ಲಿದ್ದವರು ತಲೆಯಾಡಿಸಿದರು. ಸತ್ತವನ ಮಕ್ಕಳ ಬಗ್ಗೆ ಯಾರೂ ಕೇಳಲಿಲ್ಲ, ನಾನೂ ಕೇಳಲಿಲ್ಲ. ಈ ಲೇಖನ ಬರೆಯಲು ಅದೇ ಕಾರಣ. ಅಷ್ಟು ದೂರದ ಕೊಲೆಗೆ ಇಷ್ಟು ಸಲೀಸಾಗಿ ತಲೆಯಾಡಿಸುವ ನಾವು ಯಾರು? ನಮ್ಮೊಳಗೆ ಅದಕ್ಕೆ ಎಡೆ ಮಾಡಿಕೊಟ್ಟದ್ದು ಯಾವುದು?

ಅಮೆರಿಕದಲ್ಲಿ ನಡೆದದ್ದು ಬರಿಯ ತಲೆಯಾಡಿಸುವಿಕೆಯಲ್ಲ. ಕಂಪನಿ ಫೇಸ್‌ಬುಕ್‌ನಲ್ಲಿ ಹಾಕಿದ ಸಂತಾಪದ ಮಾತಿಗೆ ಹತ್ತಾರು ಸಾವಿರ ನಗುವ ಮುಖಗಳು ಬಂದು ಬಿದ್ದವು. ಆರೋಪಿಯ ವಕೀಲರ ಖರ್ಚಿಗೆಂದು ಜನ ಕೂಡಿಸಿದ ಹಣ ಕೆಲವೇ ತಿಂಗಳಲ್ಲಿ 10 ಲಕ್ಷ ಡಾಲರ್ ದಾಟಿತು. ಎಮರ್ಸನ್ ಕಾಲೇಜು ಅದೇ ತಿಂಗಳು ನಡೆಸಿದ ಸಮೀಕ್ಷೆಯಲ್ಲಿ ಶೇ. 68ರಷ್ಟು ಮತದಾರರು ಈ ಕೊಲೆಯನ್ನು ಒಪ್ಪಲಾಗದು ಎಂದರು, ಶೇ. 17ರಷ್ಟು ಒಪ್ಪಬಹುದು ಎಂದರು. ಆದರೆ 18ರಿಂದ 29ರ ವಯಸ್ಸಿನವರಲ್ಲಿ ಒಪ್ಪಬಹುದು ಎಂದವರು ಶೇ. 41. ಶಿಕಾಗೋ ವಿಶ್ವವಿದ್ಯಾಲಯದ ನಾರ್ಕ್ ಸಂಸ್ಥೆ ಬೇರೆ ರೀತಿಯಲ್ಲಿ ಕೇಳಿತು: ಹೊಣೆ ಯಾರದು? ಕೊಂದವನದು ಎಂದು ಹತ್ತರಲ್ಲಿ ಎಂಟು ಮಂದಿ ಹೇಳಿದರು. ವಿಮಾ ಕಂಪನಿಗಳ ನಿರಾಕರಣೆಗೂ ಲಾಭಕ್ಕೂ ಅದರಲ್ಲಿ ಪಾಲಿದೆ ಎಂದು ಹತ್ತರಲ್ಲಿ ಏಳು ಮಂದಿ ಹೇಳಿದರು. ಅಂದರೆ ಬಹಳ ಜನ ಎರಡನ್ನೂ ಒಟ್ಟಿಗೇ ಹೇಳಿದರು. ನನ್ನ ಮಟ್ಟಿಗೆ ಇಡೀ ಪ್ರಕರಣದಲ್ಲಿ ಗಮನಿಸಬೇಕಾದ ಅಂಕಿ ಇದೇ.

ಇದಕ್ಕೆ ಎರಡು ವಿವರಣೆ ಹೆಚ್ಚಾಗಿ ಕೇಳಿಬಂತು. ಫೋನು ಹಿಡಿದ ಜನರ ಮನಸ್ಸು ಕಲ್ಲಾಗಿದೆ, ಸಾವೂ ಅವರಿಗೆ ತಮಾಷೆಯಾಗಿದೆ ಎಂಬುದು ಒಂದು. ಮೊದಲು ಹಿಂಸೆ ಮಾಡಿದ್ದು ಕಂಪನಿ, ಗುಂಡು ಬರೀ ಉತ್ತರ ಎಂಬುದು ಇನ್ನೊಂದು. ಮೊದಲನೆಯದನ್ನು ನಾನು ನಂಬುವುದಿಲ್ಲ. ಆ ನಗುವ ಮುಖಗಳ ಕೆಳಗೇ ಸಾವಿರಾರು ಜನ ತಮ್ಮ ತಾಯಿಯ, ಮಗುವಿನ ಚಿಕಿತ್ಸೆ ನಿಂತುಹೋದ ಕಥೆ ಬರೆದರು; ಕಲ್ಲಾದ ಮನಸ್ಸು ಹಾಗೆ ಬರೆಯುವುದಿಲ್ಲ. ಎರಡನೆಯದು ಅರ್ಧ ಸತ್ಯವಾದ್ದರಿಂದ ಹೆಚ್ಚು ಅಪಾಯದ್ದು. ಕೆ.ಎಫ್.ಎಫ್. ಎಂಬ ಆರೋಗ್ಯ ಅಧ್ಯಯನ ಸಂಸ್ಥೆಯ ಲೆಕ್ಕದಂತೆ, ಅಲ್ಲಿನ ಸರ್ಕಾರಿ ವಿಮಾ ಮಾರುಕಟ್ಟೆಯ ಪಾಲಿಸಿಗಳಲ್ಲಿ 2023ರಲ್ಲಿ ಐದರಲ್ಲಿ ಒಂದರಷ್ಟು ಕ್ಲೈಮು ತಿರಸ್ಕಾರವಾದವು. ಹಾಗೆ ತಿರಸ್ಕಾರವಾದವುಗಳಲ್ಲಿ ಮೇಲ್ಮನವಿ ಹೋದದ್ದು ನೂರಕ್ಕೆ ಒಂದೂ ಇಲ್ಲ. ಉಳಿದ ತೊಂಬತ್ತೊಂಬತ್ತು ಮಂದಿ ಏನು ಮಾಡಿದರು? ಸುಮ್ಮನಾದರು. ಆ ಸುಮ್ಮನಿರುವಿಕೆ ಎಲ್ಲಿಗೆ ಹೋಗಿ ಶೇಖರವಾಗುತ್ತದೆ ಎಂಬ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

ಚಿಕ್ಕಪ್ಪನ ತಲೆಯಾಡಿಕೆಗೆ ಒಂದು ಹಿನ್ನೆಲೆ ಇತ್ತು. 2024ರ ಫೆಬ್ರುವರಿಯಲ್ಲಿ ಅವರಿಗೆ ರಾತ್ರಿ ಎದೆ ಹಿಡಿದುಕೊಂಡಿತು. ಗುಂಡ್ಲುಪೇಟೆಯಲ್ಲಿ ಇಸಿಜಿ ನೋಡಿ ಮೈಸೂರಿಗೆ ಬರೆದುಕೊಟ್ಟರು. ಅರವತ್ತು ಕಿಲೋಮೀಟರ್ ದಾರಿಯಲ್ಲಿ ಆಂಬುಲೆನ್ಸಿನೊಳಗೆ ನಾನು ಅವರ ಕೈ ಹಿಡಿದು ಕೂತಿದ್ದೆ. ನಂಜನಗೂಡು ದಾಟುವವರೆಗೆ ಅವರು ಉಸಿರು ಎಣಿಸುತ್ತಿದ್ದರು. ಖಾಸಗಿ ಆಸ್ಪತ್ರೆಯಲ್ಲಿ ಎರಡು ಸ್ಟೆಂಟ್ ಹಾಕಿದರು. ನಾಲ್ಕು ವರ್ಷ ತಪ್ಪದೆ ಕಂತು ಕಟ್ಟಿದ್ದ ವಿಮೆ ಇತ್ತು. ಕಂಪನಿಯಿಂದ ಬಂದ ಕಾಗದ ಇಂಗ್ಲಿಷಿನಲ್ಲಿತ್ತು. ಸಕ್ಕರೆ ಕಾಯಿಲೆ ಮೊದಲೇ ಇದ್ದದ್ದನ್ನು ಮುಚ್ಚಿಟ್ಟಿದ್ದೀರಿ, ಹಣ ಕೊಡಲಾಗುವುದಿಲ್ಲ ಎಂದು ಅದರ ಸಾರ. ಚಿಕ್ಕಪ್ಪನಿಗೆ ಸಕ್ಕರೆ ಇದೆ ಎಂದು ನಮಗೆ ಗೊತ್ತಾದದ್ದೇ ಆ ಆಸ್ಪತ್ರೆಯಲ್ಲಿ. ಚಿಕ್ಕಮ್ಮನ ಸರ ಅಡವಿಗೆ ಹೋಯಿತು, ಹಸು ಹೋಯಿತು, ಮಿಕ್ಕದ್ದಕ್ಕೆ ಸಂಘದ ಸಾಲ. ಕಾಗದದ ಕೊನೆಯಲ್ಲಿ ಸಹಿ ಇರಲಿಲ್ಲ, ಕಂಪ್ಯೂಟರಿನಿಂದ ಬಂದ ಪತ್ರಕ್ಕೆ ಸಹಿ ಬೇಕಿಲ್ಲ ಎಂದು ಅಚ್ಚಾಗಿತ್ತು. ಟೋಲ್ ಫ್ರೀ ನಂಬರಿಗೆ ಫೋನು ಮಾಡಿದರೆ ಒಂದನ್ನು ಒತ್ತಿ, ಎರಡನ್ನು ಒತ್ತಿ.

ಚಿಕ್ಕಪ್ಪ ಏನು ಮಾಡಿದರು ಗೊತ್ತೆ? ಒಂದು ಸಂಜೆ ನೇರ ಪಾಲಿಸಿ ಮಾಡಿಸಿದ ಏಜೆಂಟಿನ ಮನೆಗೆ ಹೋದರು. ಆಕೆ ನಮ್ಮ ಪಕ್ಕದ ಬೀದಿಯವರು, ಗಂಡ ತೀರಿಕೊಂಡ ಮೇಲೆ ಈ ಕೆಲಸ ಹಿಡಿದವರು. ಬೀದಿಯಲ್ಲಿ ನಿಂತು ಆಡಬಾರದ ಮಾತಾಡಿದರು. ಬಾಗಿಲಿನ ಮುಂದಿದ್ದ ಕೊಡ ಎತ್ತಿ ಎಸೆದರು. ಆಕೆ ಒಳಗೆ ಅಳುತ್ತಿದ್ದರು. ಜನ ಬಿಡಿಸಲಿಲ್ಲ, ಕೆಲವರು “ಬಿಡ್ಬ್ಯಾಡಿ ಗೌಡ್ರೇ” ಎಂದರು. ಕ್ಲೈಮು ತಿರಸ್ಕರಿಸಿದವರು ಯಾರೋ, ಯಾವ ಊರಲ್ಲಿ ಕೂತಿದ್ದರೋ. ಕೊಡ ಬಿದ್ದದ್ದು ಈಕೆಯ ಮನೆ ಮುಂದೆ.

ಅಮೆರಿಕದ ಗುಂಡು ತುದಿಯಲ್ಲಿದ್ದವರನ್ನು ಮುಟ್ಟಿತು. ಅದು ಅಪರೂಪ. ನಮ್ಮಲ್ಲಿ ಏಟು ಯಾವಾಗಲೂ ಕೈಗೆ ಸಿಕ್ಕವರಿಗೆ ಬೀಳುತ್ತದೆ: ರಾತ್ರಿ ಪಾಳಿಯ ಡಾಕ್ಟರು, ನರ್ಸು, ವಾಚರು, ಕಂಡಕ್ಟರು, ಏಜೆಂಟು. 2019ರಲ್ಲಿ ಬೆಂಗಳೂರಿನ ಮಿಂಟೋ ಕಣ್ಣಾಸ್ಪತ್ರೆಯಲ್ಲಿ ಹಾಗೆಯೇ ಆಯಿತು. ಜುಲೈನಲ್ಲಿ ಪೊರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ಹಲವರು ಕಣ್ಣು ಕಳೆದುಕೊಂಡಿದ್ದರು. ನ್ಯಾಯ ಕೇಳಲು ನವೆಂಬರ್ 1ರಂದು ಹೋದ ಕನ್ನಡ ಸಂಘಟನೆಯೊಂದರ ಕಾರ್ಯಕರ್ತರು ಕೈ ಮಾಡಿದ್ದು ಕಿರಿಯ ವೈದ್ಯರ ಮೇಲೆ. ಒಂದು ವಾರದಲ್ಲಿ ರಾಜ್ಯದ ಉದ್ದಗಲಕ್ಕೂ ಹೊರರೋಗಿ ವಿಭಾಗಗಳು ಮುಚ್ಚಿದವು. ಜನ ಎರಡು ಪಾಳೆಯವಾಗಿ ಜಗಳವಾಡಿದರು. ಕಣ್ಣು ಕಳೆದುಕೊಂಡವರ ವಿಚಾರ ಆ ಜಗಳದಲ್ಲಿ ಹಿಂದೆ ಸರಿಯಿತು. ವೈದ್ಯ ಸಿಬ್ಬಂದಿಯ ಮೇಲಿನ ಹಲ್ಲೆಗೆ ಜೈಲು ಶಿಕ್ಷೆ ವಿಧಿಸುವ ಕಾನೂನು ಕರ್ನಾಟಕದಲ್ಲಿ 2009ರಿಂದಲೂ ಇದೆ. ಅದು ಬೇಕೇ ಬೇಕು. ಹೊಡೆಯುವ ಕೈಗಿಂತ ಮೊದಲು ಕಾಯುತ್ತ ನಿಂತಿದ್ದ ಕಾಲುಗಳಿಗೆ ಅದು ಏನೂ ಹೇಳುವುದಿಲ್ಲ ಅಷ್ಟೆ.

ಇನ್ನು ಚಾಮರಾಜನಗರದ ಆ ರಾತ್ರಿ. 2021ರ ಮೇ 2, ಭಾನುವಾರ. ಕೊರೊನಾ ಎರಡನೇ ಅಲೆ. ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಮುಗಿಯುತ್ತ ಬಂತು, ಮೈಸೂರಿನಿಂದ ಸಿಲಿಂಡರು ಬರಬೇಕಿತ್ತು. ಬೆಳಗಾಗುವ ಹೊತ್ತಿಗೆ ಜಿಲ್ಲೆಯೇ ಹೆಣದ ಮುಂದೆ ನಿಂತಿತ್ತು. ಸುಮಾರು ಒಂದು ದಿನದ ಅವಧಿಯಲ್ಲಿ ಸತ್ತವರು 24 ಮಂದಿ ಎಂಬುದು ಸರ್ಕಾರದ ಲೆಕ್ಕ. ಸಂತ್ರಸ್ತ ಕುಟುಂಬಗಳ ಪರ ನಿಂತವರು 36 ಎಂದು ಹೇಳುತ್ತ ಬಂದಿದ್ದಾರೆ. ಒಳಗಿದ್ದವರು ಉಸಿರು ಸಾಲುತ್ತಿಲ್ಲ ಎಂದು ಮನೆಗೆ ಮಾಡಿದ ಫೋನುಗಳ ಮಾತನ್ನು ಆ ಮನೆಗಳವರು ಇಂದಿಗೂ ಮರೆತಿಲ್ಲ. ಆಮ್ಲಜನಕದ ಕೊರತೆಯಿಂದ ಸತ್ತವರು ಮೂವರು ಮಾತ್ರ ಎಂದು ಸರ್ಕಾರ ಮೊದಲು ಹೇಳಿತು. ಹೈಕೋರ್ಟು ನಿವೃತ್ತ ನ್ಯಾಯಮೂರ್ತಿ ಎ.ಎನ್. ವೇಣುಗೋಪಾಲ ಗೌಡರ ನೇತೃತ್ವದಲ್ಲಿ ಸಮಿತಿ ಮಾಡಿತು. ಸಾವುಗಳಿಗೆ ಆಮ್ಲಜನಕದ ಕೊರತೆಯೇ ಕಾರಣ ಎಂದು ಸಮಿತಿ ಹೇಳಿತು, ಜಿಲ್ಲಾಡಳಿತದ ವೈಫಲ್ಯವನ್ನು ಎತ್ತಿ ತೋರಿಸಿತು. ಮೈಸೂರು ಜಿಲ್ಲಾಡಳಿತ ಪೂರೈಕೆಯನ್ನು ತಡೆದದ್ದಕ್ಕೆ ಆಧಾರ ಸಿಗಲಿಲ್ಲ ಎಂದಿತು. 24 ಕುಟುಂಬಗಳಿಗೆ ತಲಾ 2 ಲಕ್ಷ ರೂಪಾಯಿ ಪರಿಹಾರ ಬಂತು. ನಿವೃತ್ತ ನ್ಯಾಯಮೂರ್ತಿ ಬಿ.ಎ. ಪಾಟೀಲರ ವಿಚಾರಣಾ ಆಯೋಗವೂ ನೇಮಕವಾಯಿತು.

ಆ ದಿನಗಳಲ್ಲಿ ರಾಜ್ಯದ ಜನ ಏನು ಮಾತಾಡಿದರು ಎಂಬುದನ್ನು ನೆನೆಯಬೇಕು. ಮೈಸೂರು ಮತ್ತು ಚಾಮರಾಜನಗರದ ಜಿಲ್ಲಾಧಿಕಾರಿಗಳ ನಡುವಿನ ಆರೋಪ ಪ್ರತ್ಯಾರೋಪವೇ ಟಿ.ವಿ.ಯ ತುಂಬ. ಯಾರ ಪರ, ಯಾರ ವಿರುದ್ಧ ಎಂದು ಫೋನುಗಳಲ್ಲಿ ಜನ ಬಡಿದಾಡಿದರು. ಎಷ್ಟು ಕಿಲೋಲೀಟರು ಆಮ್ಲಜನಕ ಯಾವ ಜಿಲ್ಲೆಗೆ ಹಂಚಿಕೆಯಾಗುತ್ತಿತ್ತು, ಹಂಚುವವರು ಯಾರು, ರಾತ್ರಿ ಸಿಲಿಂಡರು ಮುಗಿಯುತ್ತ ಬಂದಾಗ ಯಾರು ಯಾರಿಗೆ ಫೋನು ಮಾಡಬೇಕಿತ್ತು ಎಂಬುದನ್ನು ಕೇಳಿದವರು ಕಡಿಮೆ. ಜನರಿಗೆ ಒಂದು ಮುಖ ಬೇಕಿತ್ತು, ಸಿಕ್ಕ ಮುಖವನ್ನು ಹಿಡಿದುಕೊಂಡರು. ಸತ್ತವರ ಮನೆಯವರಾದರೋ ಆಸ್ಪತ್ರೆಯ ಮುಂದೆ ಕೂತರು, ಕೂಗಿದರು, ಎದೆ ಬಡಿದುಕೊಂಡರು. ಯಾರನ್ನೂ ಕೊಲ್ಲಲಿಲ್ಲ. ಆಮೇಲೆ ಅರ್ಜಿ ಹಿಡಿದು ತಿರುಗಿದರು. 2022ರ ಸೆಪ್ಟೆಂಬರ್ 30ರಂದು ಭಾರತ್ ಜೋಡೋ ಯಾತ್ರೆ ಗುಂಡ್ಲುಪೇಟೆಯ ಮೂಲಕ ಕರ್ನಾಟಕಕ್ಕೆ ಕಾಲಿಟ್ಟಾಗ ಆ ಕುಟುಂಬಗಳು ರಾಹುಲ್ ಗಾಂಧಿಯವರ ಮುಂದೆ ಕೂತು ತಮ್ಮ ಕಥೆ ಹೇಳಿದವು. ಸರ್ಕಾರ ಬದಲಾಯಿತು. ಆ ರಾತ್ರಿಗೆ ಇಂಥವರೇ ಹೊಣೆ ಎಂದು ನ್ಯಾಯಾಲಯವೊಂದು ಶಿಕ್ಷೆ ಕೊಟ್ಟದ್ದನ್ನು ಆ ಮನೆಗಳವರು ಕಂಡಿಲ್ಲ. ಚಾಮರಾಜನಗರದ ಹೊರವಲಯದಲ್ಲಿ 450 ಹಾಸಿಗೆಯ ಬೋಧನಾ ಆಸ್ಪತ್ರೆಯನ್ನು ರಾಷ್ಟ್ರಪತಿ ರಾಮನಾಥ್ ಕೋವಿಂದ್ ಉದ್ಘಾಟಿಸಿದ್ದು 2021ರ ಅಕ್ಟೋಬರಿನಲ್ಲಿ, ಆ ರಾತ್ರಿಯ ಐದು ತಿಂಗಳ ನಂತರ.

ಹಿಂಸೆಗೆ ತಲೆಯಾಡಿಸುವ ಜನರನ್ನು ಬೈಯುವವರು ಈ ಮನೆಗಳನ್ನು ಒಮ್ಮೆ ನೆನೆಯಲಿ ಎಂದು ನನ್ನ ಕೋರಿಕೆ. ಇಷ್ಟು ದೊಡ್ಡ ಅನ್ಯಾಯವಾದ ಮೇಲೂ ಕೈ ಎತ್ತದೆ, ಕಾನೂನಿನ ದಾರಿಯಲ್ಲೇ ನಡೆದ ಬಡವರು ಅವರು. ನಡೆದದ್ದಕ್ಕೆ ಸಿಕ್ಕಿದ್ದೇನು? ನೋಡುವ ಜನ ಇದನ್ನೆಲ್ಲ ಲೆಕ್ಕ ಇಟ್ಟಿರುತ್ತಾರೆ.

ನಮ್ಮ ಜಿಲ್ಲೆಗೆ ಈ ಪ್ರಶ್ನೆ ಹೊಸದೂ ಅಲ್ಲ. ಕಾಡುಗಳ್ಳ ವೀರಪ್ಪನ್ ಹುಟ್ಟಿದ ಗೋಪಿನಾಥಂ ನಮ್ಮ ಜಿಲ್ಲೆಯದೇ. ಕಾಡಿನಂಚಿನ ಊರುಗಳಲ್ಲಿ ಅವನ ಕಥೆಗಳನ್ನು ಮೆಚ್ಚಿ ಹೇಳುತ್ತಿದ್ದವರನ್ನು ನಾನೇ ಕೇಳಿದ್ದೇನೆ. ಗಾರ್ಡುಗಳ ಲಾಠಿ, ಮೊಕದ್ದಮೆ, ಮುಂದೆ ವಿಶೇಷ ಕಾರ್ಯಪಡೆಯ ದೌರ್ಜನ್ಯ ಇವೆಲ್ಲ ಆ ಮೆಚ್ಚುಗೆಗೆ ಗೊಬ್ಬರ. ಆ ದೌರ್ಜನ್ಯ ಎಷ್ಟಿತ್ತೆಂದರೆ, ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ನ್ಯಾಯಮೂರ್ತಿ ಸದಾಶಿವ ಅವರ ಸಮಿತಿಯನ್ನೇ ಕೂರಿಸಬೇಕಾಯಿತು. ಆದರೆ ಅದೇ ಗೋಪಿನಾಥಂನಲ್ಲಿ ಇನ್ನೊಂದು ನೆನಪೂ ಇದೆ. ಅರಣ್ಯಾಧಿಕಾರಿ ಪಿ. ಶ್ರೀನಿವಾಸ್ ಆ ಊರಿನಲ್ಲೇ ಇದ್ದು, ಜನರಿಗೆ ಔಷಧಿ ಕೊಡಿಸಿ, ಮಾರಿಯಮ್ಮನ ಗುಡಿ ಕಟ್ಟಲು ನಿಂತವರು. ಶರಣಾಗುತ್ತೇನೆ ಎಂಬ ಮಾತು ನಂಬಿ ಕಾಡಿಗೆ ಹೋದ ಅವರನ್ನು ವೀರಪ್ಪನ್ 1991ರ ನವೆಂಬರ್ 10ರಂದು ಕೊಂದು ತಲೆ ಕಡಿದ. ಸರ್ಕಾರ ಮರಣೋತ್ತರ ಕೀರ್ತಿ ಚಕ್ರ ಕೊಟ್ಟಿತು. ಊರಿನವರು ಗುಡಿಯಲ್ಲಿ ಅವರ ಫೋಟೊ ಇಟ್ಟು ಕೈ ಮುಗಿಯುತ್ತಾರೆ. ವೀರಪ್ಪನ್‌ನ ಸ್ವಂತ ಊರಿನ ಜನ, ಅವನು ಕೊಂದ ಸರ್ಕಾರಿ ಅಧಿಕಾರಿಗೆ ಆರತಿ ಎತ್ತುತ್ತಾರೆ. ಕಾರಣ ಸರಳ: ಇಲಾಖೆಗೆ ಶ್ರೀನಿವಾಸ್ ರೂಪದಲ್ಲಿ ಒಂದು ಮುಖ ಬಂದಿತ್ತು, ಆ ಮುಖ ಅವರ ಮನೆಯ ಜಗಲಿಯಲ್ಲಿ ಕೂತು ಮಾತಾಡಿತ್ತು. ಹಾಗೆಯೇ 2002ರ ಆಗಸ್ಟಿನಲ್ಲಿ ಮಾಜಿ ಸಚಿವ ಎಚ್. ನಾಗಪ್ಪನವರನ್ನು ಕಾಮಗೆರೆಯ ಮನೆಯಿಂದಲೇ ವೀರಪ್ಪನ್ ಹೊತ್ತೊಯ್ದು, ಡಿಸೆಂಬರಿನಲ್ಲಿ ಅವರ ಹೆಣ ಸಿಕ್ಕಾಗ, ನಾನು ಕಂಡ ಊರುಗಳಲ್ಲಿ ವೀರಪ್ಪನ್ ಕಥೆ ಹೇಳುವ ದನಿ ಬದಲಾಯಿತು.

ಇದಕ್ಕೆ ತೀರ ಬೇರೆಯಾದ ದಾರಿಯೂ ಈ ಸೀಮೆಗೆ ಗೊತ್ತು. ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತ ಸಂಘ 1992ರ ಡಿಸೆಂಬರಿನಲ್ಲಿ ಬೆಂಗಳೂರಿನ ಕಾರ್ಗಿಲ್ ಬೀಜ ಕಂಪನಿಯ ಕಚೇರಿಗೆ ನುಗ್ಗಿ ಕಡತಗಳನ್ನು ಬೀದಿಗೆ ತಂದು ಸುಟ್ಟಿತು. ಮರುವರ್ಷ ಬಳ್ಳಾರಿಯಲ್ಲಿ ಅದರ ಘಟಕವನ್ನು ಕೆಡವಿತು. ಹಿಂಸೆ ಎನ್ನುವುದು ಜೀವಕ್ಕೆ ಮಾಡುವಂಥದ್ದು, ವಸ್ತುವಿಗೆ ಮಾಡಿದ್ದು ಹಿಂಸೆಯಲ್ಲ ಎಂದು ಕಾನೂನು ಓದಿಸಿದ್ದ ಮೇಷ್ಟ್ರು ವಾದಿಸುತ್ತಿದ್ದರು. ಆ ವಾದ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಬೆಂಕಿ ಹಚ್ಚಿದ ಕೈ ಕಾಗದದ ಹತ್ತಿರ ನಿಂತ ಗುಮಾಸ್ತನನ್ನು ನೋಡಿರುತ್ತದೆಯೇ ಎಂಬ ಅನುಮಾನ ಕಾಡುತ್ತದೆ. ಆದರೆ ರೈತ ಸಂಘ ಎಳೆದ ಗೆರೆ ದೊಡ್ಡದು, ಮನುಷ್ಯರ ಮೈ ಮುಟ್ಟಬಾರದೆಂಬ ಗೆರೆ. ಸಾಲಕ್ಕೆ ಬ್ಯಾಂಕಿನವರು ಜಪ್ತಿ ಮಾಡಿದ ಪಾತ್ರೆ, ಬಾಗಿಲು, ಪಂಪುಸೆಟ್ಟುಗಳನ್ನು ಹಾಡಹಗಲೇ ಗುಂಪಾಗಿ ಹೋಗಿ ವಾಪಸು ತರುವ ‘ಮರುಜಪ್ತಿ’ ನಮ್ಮ ಹಿರಿಯರು ಮಾಡಿದ ಕೆಲಸ. ಅದನ್ನು ನೋಡಿ ಕುಣಿದ ಜನ ಕೊಲೆಗೆ ಕುಣಿಯಲಿಲ್ಲ, ಅನ್ಯಾಯ ತಿರುಗಿ ನಿಂತದ್ದಕ್ಕೆ ಕುಣಿದರು. ನಂಜುಂಡಸ್ವಾಮಿಯವರ ಕನಸಿನ ‘ಅಮೃತ ಭೂಮಿ’ ಇರುವುದು ನಮ್ಮದೇ ಜಿಲ್ಲೆಯ ಹೊಂಡರಬಾಳಿನಲ್ಲಿ. ಅಲ್ಲಿಗೆ ಹೋದಾಗಲೆಲ್ಲ ಆ ಗೆರೆ ನನಗೆ ನೆನಪಾಗುತ್ತದೆ.

ಗೆರೆ ದಾಟಿದ ಚಪ್ಪಾಳೆಯನ್ನೂ ನೋಡಿದ್ದೇವೆ. ಹೈದರಾಬಾದಿನಲ್ಲಿ ಪಶುವೈದ್ಯೆಯ ಅತ್ಯಾಚಾರ, ಕೊಲೆಯ ನಾಲ್ವರು ಆರೋಪಿಗಳನ್ನು 2019ರ ಡಿಸೆಂಬರ್ 6ರಂದು ಪೊಲೀಸರು ಕೊಂದಾಗ ಜನ ಹೂವು ಚೆಲ್ಲಿದರು. ಆಗಿನ ಕಮಿಷನರ್ ವಿ.ಸಿ. ಸಜ್ಜನರ್ ಹುಬ್ಬಳ್ಳಿಯವರೆಂದು ಇಲ್ಲಿಯೂ ಸಂಭ್ರಮವಾಯಿತು. ಸುಪ್ರೀಂ ಕೋರ್ಟು ನೇಮಿಸಿದ್ದ ಸಿರ್ಪುರ್ಕರ್ ಆಯೋಗ 2022ರಲ್ಲಿ, ಅದು ನಿಜವಾದ ಎನ್‌ಕೌಂಟರ್ ಅಲ್ಲ, ಪೊಲೀಸರ ಮೇಲೆ ಕೊಲೆ ಮೊಕದ್ದಮೆ ನಡೆಯಬೇಕು ಎಂದಿತು. ಅಷ್ಟು ಹೊತ್ತಿಗೆ ಹೂವು ಬಾಡಿ ಎರಡೂವರೆ ವರ್ಷವಾಗಿತ್ತು.

ಇನ್ನೊಂದು ಘಟನೆ ನಮ್ಮ ತಾಲ್ಲೂಕಿನದೇ. 2025ರ ಸೆಪ್ಟೆಂಬರ್ 9ರಂದು ಗುಂಡ್ಲುಪೇಟೆ ತಾಲ್ಲೂಕಿನ ಬೊಮ್ಮಲಾಪುರದಲ್ಲಿ, ಹುಲಿ ಹಿಡಿಯಲು ಇಟ್ಟಿದ್ದ ಬೋನಿಗೇ ರೈತರು ಅರಣ್ಯ ಸಿಬ್ಬಂದಿಯನ್ನು ಕೂಡಿಹಾಕಿದರು. ಹುಲಿ ಬಂದಿದೆ ಎಂದು ಎಷ್ಟು ಸಲ ಹೇಳಿದರೂ ಬೇಗ ಬರಲಿಲ್ಲ ಎಂಬ ಸಿಟ್ಟು. ಆ ವಿಡಿಯೊ ದೇಶವೆಲ್ಲ ಸುತ್ತಿತು, ನೋಡಿದವರೆಲ್ಲ ನಕ್ಕರು. ದನ ಕಳೆದುಕೊಂಡವನ ಹೊಟ್ಟೆಯುರಿ ನನಗೆ ಗೊತ್ತು, ನನ್ನ ಮನೆಯ ಹಸುವೂ ಹೋಗಿದೆ. ಆದರೆ ಬೋನಿನ ಸರಳು ಹಿಡಿದು ನಿಂತಿದ್ದ ಆ ಮುಖಗಳನ್ನು ನೋಡಿದಿರಾ? ಹುಲಿ ಎಲ್ಲಿರಬೇಕು, ಪರಿಹಾರ ಎಷ್ಟು, ಬೋನು ಎಷ್ಟು ಎಂದು ತೀರ್ಮಾನಿಸುವವರು ಅವರಲ್ಲ. ಅದಕ್ಕೂ ಮುನ್ನ, 2024ರ ಏಪ್ರಿಲ್ 26ರ ಲೋಕಸಭಾ ಮತದಾನದ ದಿನ, ಮಲೆ ಮಹದೇಶ್ವರ ಬೆಟ್ಟದ ಇಂಡಿಗನತ್ತದಲ್ಲಿ ರಸ್ತೆ, ನೀರು, ಕರೆಂಟು ಇಲ್ಲದ ಸಿಟ್ಟಿಗೆ ಮತಯಂತ್ರ ಒಡೆದುಹೋಯಿತು. ಮೂರು ದಿನ ಬಿಟ್ಟು ಮರುಮತದಾನವಾಯಿತು. ಪೆಟ್ಟು ತಿಂದವರಲ್ಲಿ ಚುನಾವಣೆ ಕೆಲಸಕ್ಕೆ ಬಂದಿದ್ದ ಸಿಬ್ಬಂದಿ ಇದ್ದರು.

ಚಿಕಿತ್ಸೆಯ ಹಣಕ್ಕೆ ಮರಳುತ್ತೇನೆ. ‘ಇಲ್ಲ’ ಎನ್ನುವ ಕಿಟಕಿಗಳು ನಮ್ಮಲ್ಲಿ ಒಂದಲ್ಲ. 2003ರಲ್ಲಿ ಸಹಕಾರ ಸಂಘದ ರೈತರಿಗೆಂದು ಯಶಸ್ವಿನಿ ಶುರುವಾದಾಗ ವರ್ಷಕ್ಕೆ 60 ರೂಪಾಯಿ ಕಟ್ಟಿದರೆ ಶಸ್ತ್ರಚಿಕಿತ್ಸೆ ಸಿಗುತ್ತಿತ್ತು. ಕಾರ್ಡು ಮಾಡಿಕೊಡುತ್ತಿದ್ದವನು ಊರಿನ ಸೊಸೈಟಿಯ ಕಾರ್ಯದರ್ಶಿ, ಕೆಲಸವಾಗದಿದ್ದರೆ ಅವನ ಜಗಲಿಯ ಮೇಲೆ ಹೋಗಿ ಕೂರಬಹುದಿತ್ತು. 2018ರಲ್ಲಿ ಅದನ್ನು ಆರೋಗ್ಯ ಕರ್ನಾಟಕಕ್ಕೆ ಸೇರಿಸಿದರು, ನಾಲ್ಕೈದು ವರ್ಷದ ಮೇಲೆ ಮತ್ತೆ ತಂದರು. ಆಯುಷ್ಮಾನ್ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಇದೆ. ಎಪಿಎಲ್‌ನವರಿಗೆ ದರದ ಶೇ. 30 ಮಾತ್ರ. ದೊಡ್ಡ ಚಿಕಿತ್ಸೆಗೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಲೆಟರ್ ಬೇಕು. ಚಿಕಿತ್ಸೆ ಇದೆ, ಹಣವೂ ಇದೆ, ಆದರೆ ‘ಅಪ್ರೂವಲ್ ಬಂದಿಲ್ಲ’ ಎಂಬ ಮಾತು ಕೇಳಿ ಆಸ್ಪತ್ರೆಯ ಮೆಟ್ಟಿಲ ಮೇಲೆ ರಾತ್ರಿ ಕಳೆದವರು ನಮ್ಮ ಪ್ರತಿ ಊರಿನಲ್ಲೂ ಇದ್ದಾರೆ. ಖಾಸಗಿ ವಿಮೆಯ ಲೆಕ್ಕ ವಿಮಾ ನಿಯಂತ್ರಣ ಪ್ರಾಧಿಕಾರವೇ ಕೊಟ್ಟಿದೆ: 2023–24ರಲ್ಲಿ ದೇಶದಲ್ಲಿ ಬಂದ ಆರೋಗ್ಯ ಕ್ಲೈಮುಗಳ ಮೊತ್ತ ಸುಮಾರು 1.17 ಲಕ್ಷ ಕೋಟಿ ರೂಪಾಯಿ, ಕೊಟ್ಟದ್ದು ಸುಮಾರು 83,500 ಕೋಟಿ. ಉಳಿದದ್ದರಲ್ಲಿ ಮೋಸದ ಬಿಲ್ಲುಗಳೂ ಇರುತ್ತವೆ, ಆಸ್ಪತ್ರೆಗಳು ಉಬ್ಬಿಸಿದ ದರವೂ ಇರುತ್ತದೆ, ಅದು ನನಗೆ ಗೊತ್ತು. ಚಿಕ್ಕಪ್ಪನಂಥವರ ಕಾಗದಗಳೂ ಅದರೊಳಗೇ ಇವೆ.

ವಿಮೆ ಕೈಬಿಟ್ಟಾಗ ಕೈ ಹಿಡಿಯುವುದು ಸಾಲ. 2025ರ ಜನವರಿಯಲ್ಲಿ ನಮ್ಮ ಜಿಲ್ಲೆಯ ಹಳ್ಳಿಗಳಿಂದ ಮೈಕ್ರೋ ಫೈನಾನ್ಸ್ ಕಾಟಕ್ಕೆ ಕುಟುಂಬಗಳು ಮನೆಗೆ ಬೀಗ ಹಾಕಿ ಹೋದ ಸುದ್ದಿ ಎಲ್ಲ ಪತ್ರಿಕೆಗಳಲ್ಲಿ ಬಂತು. ಅವರು ಸಾಲದ ಏಜೆಂಟನಿಗೂ ಹೊಡೆಯಲಿಲ್ಲ, ಊರನ್ನೇ ಬಿಟ್ಟರು. ಫೆಬ್ರುವರಿ 12ರಂದು ಕಿರುಕುಳ ತಡೆಯುವ ಸುಗ್ರೀವಾಜ್ಞೆ ಬಂತು, 10 ವರ್ಷದವರೆಗೆ ಜೈಲು. ಅಷ್ಟು ಬೇಗ ಕಾನೂನು ಬಂದದ್ದು, ಬೀಗ ಬಿದ್ದ ಬಾಗಿಲುಗಳ ಫೋಟೊ ರಾಜ್ಯಕ್ಕೆ ಕಂಡದ್ದರಿಂದ ಎಂದು ನಾನು ನಂಬಿದ್ದೇನೆ.

ಥಾಮ್ಸನ್ ಕೊಲೆಯಿಂದ ಏನಾದರೂ ಬದಲಾಯಿತೆ ಎಂದು ಕೇಳುವವರಿದ್ದಾರೆ. ಕೊಲೆಯ ಮಾರನೆಯ ದಿನವೇ ಆಂಥೆಮ್ ಎಂಬ ಇನ್ನೊಂದು ಕಂಪನಿ, ಅರಿವಳಿಕೆಗೆ ಸಮಯದ ಮಿತಿ ಹಾಕುವ ತನ್ನ ಯೋಜನೆಯನ್ನು ಕೈಬಿಟ್ಟಿತು. ಇದನ್ನೇ ಗೆಲುವು ಎಂದು ಹಲವರು ಹೇಳಿದರು. ಆ ಯೋಜನೆಯ ವಿರುದ್ಧ ವೈದ್ಯರು ಮೊದಲಿಂದಲೂ ದನಿಯೆತ್ತಿದ್ದರು ಎಂಬುದು ಮರೆತುಹೋಯಿತು. ನನ್ನನ್ನು ಹೆಚ್ಚು ತಟ್ಟಿದ್ದು ಇನ್ನೊಂದು ಸಂಗತಿ. ಕೊಲೆಯಾದ ದಿನಗಳಲ್ಲೇ ಹಲವು ವಿಮಾ ಕಂಪನಿಗಳು ತಮ್ಮ ಜಾಲತಾಣಗಳಿಂದ ಮುಖ್ಯಸ್ಥರ ಹೆಸರು, ಫೋಟೊ ತೆಗೆದುಹಾಕಿದವು. ಮುಖವೇ ಇಲ್ಲದ ಸಂಸ್ಥೆ ಎಂಬ ಸಿಟ್ಟಿಗೆ ಒಬ್ಬ ಮನುಷ್ಯನ ಜೀವ ಹೋಯಿತು; ಉಳಿದಿದ್ದ ನಾಲ್ಕು ಮುಖಗಳೂ ಮರೆಯಾದವು. ನಮ್ಮ ಆಸ್ಪತ್ರೆಗಳಲ್ಲೂ ಪ್ರತಿ ಹಲ್ಲೆಯ ಮೇಲೆ ಒಂದು ಕಬ್ಬಿಣದ ಗ್ರಿಲ್ ಏಳುತ್ತದೆ, ಒಬ್ಬ ಬೌನ್ಸರ್ ಬರುತ್ತಾನೆ, ಕಿಟಕಿಯ ತೂತು ಇನ್ನಷ್ಟು ಕಿರಿದಾಗುತ್ತದೆ. ಮರುದಿನ ಬರುವ ಬಡವ ಆ ತೂತಿಗೆ ಬಗ್ಗಿ ಮಾತಾಡಬೇಕು.

ಹಾಗೆಂದು ದೂರು ಹೇಳಿಕೊಳ್ಳಲು ದಾರಿಯೇ ಇಲ್ಲವೆಂದಲ್ಲ. 2017ರಲ್ಲಿ ಖಾಸಗಿ ಆಸ್ಪತ್ರೆಗಳ ಕಾಯ್ದೆಗೆ ತಿದ್ದುಪಡಿ ತರಲು ಆಗಿನ ಆರೋಗ್ಯ ಸಚಿವ ಕೆ.ಆರ್. ರಮೇಶ್ ಕುಮಾರ್ ಹೊರಟಾಗ ವೈದ್ಯರು ರಾಜ್ಯವಿಡೀ ಮುಷ್ಕರ ಹೂಡಿದರು. ಕಡೆಗೆ ಮೆತ್ತಗಾಗಿ ಬಂದ ಕಾಯ್ದೆಯಲ್ಲೂ ರೋಗಿಯ ದೂರು ಕೇಳುವ ಪ್ರಾಧಿಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಉಳಿಯಿತು. ನಮ್ಮ ಟೀ ಅಂಗಡಿಯಲ್ಲಿ ಹತ್ತು ಜನರನ್ನು ಕೇಳಿದೆ, ಒಬ್ಬರಿಗೂ ಗೊತ್ತಿರಲಿಲ್ಲ. ನಗದುರಹಿತ ಚಿಕಿತ್ಸೆಗೆ ಒಂದು ಗಂಟೆಯಲ್ಲಿ, ಬಿಡುಗಡೆಗೆ ಮೂರು ಗಂಟೆಯಲ್ಲಿ ಉತ್ತರ ಕೊಡಬೇಕು, ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವ ಕ್ಲೈಮನ್ನೂ ತಳ್ಳಿಹಾಕಬಾರದು ಎಂದು ವಿಮಾ ಪ್ರಾಧಿಕಾರ 2024ರ ಮೇ ತಿಂಗಳಲ್ಲಿ ಹೇಳಿದೆ. ಕಂಪನಿಗೆ ಬರೆದು 30 ದಿನ ಕಾದರೂ ಸರಿಯಾಗದಿದ್ದರೆ ಬೆಂಗಳೂರಿನ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ವಕೀಲರು ಬೇಡ, ಶುಲ್ಕವಿಲ್ಲ, 50 ಲಕ್ಷದವರೆಗಿನ ತಕರಾರು ಅಲ್ಲಿ ನಡೆಯುತ್ತದೆ. ಇದೂ ಗೊತ್ತಿರಲಿಲ್ಲ. ನನಗೂ ಗೊತ್ತಿರಲಿಲ್ಲ. ಹೇಳಿದವನು ಆ ಎ.ಆರ್. ಕಾಲರ್ ಹುಡುಗ. “ಅಣ್ಣ, ಅಪೀಲು ಹಾಕ್ದೋರ್ಗೆ ಸುಮಾರು ಸಲ ದುಡ್ಡು ಬತ್ತದೆ, ಹಾಕೋರೇ ಇಲ್ಲ ಅಷ್ಟೆ” ಎಂದ. ಅಮೆರಿಕದವರ ಬಗ್ಗೆ ಹೇಳುತ್ತಿದ್ದ.

ಡಿಸೆಂಬರ್ ಕೊನೆಯಲ್ಲಿ ಅರ್ಜಿ ಬರೆದೆವು. 2025ರ ಏಪ್ರಿಲಿನಲ್ಲಿ ವಿಚಾರಣೆ, ಫೋನಿನ ವಿಡಿಯೊದಲ್ಲಿ. ಚಿಕ್ಕಪ್ಪ ಬಿಳಿ ಅಂಗಿ ತೊಟ್ಟು, ದೇವರ ಮನೆಯ ಮುಂದಿನ ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪರದೆಯ ಒಂದು ಚೌಕದಲ್ಲಿ ಕಂಪನಿಯ ಕಡೆಯವರು ಬಂದರು. ಇಪ್ಪತ್ತೈದರ ಹುಡುಗಿ, ಕೊರಳಲ್ಲಿ ಗುರುತಿನ ಚೀಟಿ. ಸಕ್ಕರೆ ಕಾಯಿಲೆ ಹಳೆಯದೆನ್ನಲು ದಾಖಲೆ ಏನಿದೆ ಎಂದು ಕೇಳಿದಾಗ ಅವಳು ಕಾಗದ ಹುಡುಕಿದಳು, ಸಿಗಲಿಲ್ಲ. ಚಿಕ್ಕಪ್ಪ ಎಷ್ಟೋ ತಿಂಗಳಿನಿಂದ ಕಟ್ಟಿಟ್ಟುಕೊಂಡಿದ್ದ ಮಾತುಗಳನ್ನು ಆಡುತ್ತಾರೆಂದು ನಾನು ಹೆದರಿದ್ದೆ. ಅವರು ಅವಳನ್ನೇ ನೋಡುತ್ತಿದ್ದು, “ನೀ ಯಾವೂರವ್ವ?” ಎಂದು ಕೇಳಿದರು. ಅವಳು ಒಂದು ಗಳಿಗೆ ತಡೆದು, “ಮಳವಳ್ಳಿ ಹತ್ರ” ಎಂದಳು.

ತೀರ್ಪು ನಮ್ಮ ಪರವಾಗಿ ಬಂತು, ಹಣ ಜೂನಿನಲ್ಲಿ ಖಾತೆಗೆ ಬಿತ್ತು. ಆ ಭಾನುವಾರ ಚಿಕ್ಕಪ್ಪ ಎರಡು ಸೇರು ಸಾಂಬಾರ್ ಈರುಳ್ಳಿಯನ್ನು ಚೀಲಕ್ಕೆ ತುಂಬಿ, ಅಂಗಡಿಯಿಂದ ತಂದ ಒಂದು ಹೊಸ ಕೊಡ ಹಿಡಿದುಕೊಂಡು ಪಕ್ಕದ ಬೀದಿಗೆ ನಡೆದರು. ನಾನೂ ಹಿಂದೆ ಹೋದೆ. ಏಜೆಂಟಮ್ಮ ಬಾಗಿಲು ತೆಗೆಯಲು ಸ್ವಲ್ಪ ಹೊತ್ತು ಹಿಡಿಯಿತು.